ಬದನೆ ಹೂ ಕೇಳುವ ಗುಂಯ್ ಸದ್ದು

ಡೊಂಬಿವಲಿಯ ಆರನೇ ಮಹಡಿಯಲ್ಲಿ ನಮ್ಮ ಮನೆ. ಉಡುಪಿ ಕಡೆಯಿಂದ ಅಮ್ಮ ತಂದ ಮಟ್ಟುಗುಳ್ಳ ಬದನೆಯ ಬೀಜ ಬಾಲ್ಕನಿಯ ಹಳೇ ಬಕೆಟ್‌ನಲ್ಲಿ ಗಿಡವಾಗಿ ಹೂವನ್ನೂ ಬಿಟ್ಟಿತು. ಕಾಯಿ ಮಾತ್ರ ನಿಲ್ಲಲಿಲ್ಲ. ದಿನಾ ಬೆಳಗ್ಗೆ ನೆಲದ ಮೇಲೆ ನಾಲ್ಕೈದು ನೇರಳೆ ಹೂ. "ಯಾರದ್ದೋ ದೃಷ್ಟಿ" ಅಂದರು ಅಮ್ಮ.

ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಕೆಳಗೆ ಹಸಿರು ಪುಷ್ಪಪಾತ್ರೆ. ಮುಂದೆ ಬದನೆಕಾಯಿಯ ಟೊಪ್ಪಿಯಾಗುವುದು ಇದೇ. ಮೇಲೆ ನೇರಳೆ ಎಸಳು. ನಡುವೆ ಹಳದಿ ಕೇಸರಗಳು ಒತ್ತೊತ್ತಾಗಿ ನಿಂತಿವೆ. ಅವುಗಳ ಮಧ್ಯದಿಂದ ಹಸಿರು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಇಣುಕಬೇಕಿತ್ತು, ಕಾಣಲೇ ಇಲ್ಲ. ಬದನೆಯ ಕೆಲವು ಹೂಗಳಲ್ಲಿ ಶಲಾಕೆ ಗಿಡ್ಡ, ಕೇಸರಗಳ ಒಳಗೇ ಅಡಗಿರುತ್ತದೆ. ಅಂಥವು ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಸರಿ, ಆದರೆ ಉದ್ದ ಶಲಾಕೆಯ ಹೂಗಳೂ ಉದುರುತ್ತಿದ್ದವಲ್ಲ?

ದಾಸವಾಳದ ಕೇಸರ ಮುಟ್ಟಿದರೆ ಬೆರಳಿಗೆ ಹಳದಿ ಪುಡಿ ಹತ್ತುತ್ತದೆ, ಅಲ್ವಾ? ಬದನೆಯಲ್ಲಿ ಹಾಗಲ್ಲ. ಪರಾಗವೆಲ್ಲ ಕೇಸರದ ಚೀಲದೊಳಗೆ. ಚೀಲದ ತುದಿಯಲ್ಲಿ ಸಣ್ಣ ತೂತು, ಹೋಟೆಲ್ ಮೇಜಿನ ಉಪ್ಪಿನ ಡಬ್ಬಿಯ ಹಾಗೆ. ಅಲ್ಲಾಡಿಸಿದರೇ ಉದುರುವುದು. ಗಾಳಿಗೂ ಸ್ವಲ್ಪ ಉದುರುತ್ತದೆ ಅನ್ನಿ. ಮಕರಂದವಂತೂ ಈ ಹೂವಿನಲ್ಲಿಲ್ಲ. ಜೇನುನೊಣಕ್ಕೆ ಹೂವನ್ನು ಹೀಗೆ ಅದುರಿಸುವ ವಿದ್ಯೆ ಬಾರದು.

ದೊಡ್ಡ ಕಪ್ಪು ದುಂಬಿಗೆ ಬರುತ್ತದೆ. ಕಟ್ಟಡಕ್ಕೆ ಬಣ್ಣ ಹೊಡೆಯಲು ಬಿದಿರಿನ ಪರಾಂಚಿ (ಅಟ್ಟಣಿಗೆ) ಕಟ್ಟಿದ ಮೇಲೆ ಒಂದು ನಮ್ಮಲ್ಲಿಗೂ ಬಂತು. ಒಣ ಮರ, ಬಿದಿರು ಕೊರೆದು ಗೂಡು ಮಾಡುವ ಜಾತಿ ಅದು. ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) "ಭುಂಗಾ!" ಎಂದು ಕಿಟಕಿ ಮುಚ್ಚಿಕೊಂಡರು. ಸುಮ್ನೆ ಹೆದರಿಕೆ. ಕೆಣಕದಿದ್ದರೆ ಅದರ ಪಾಡಿಗೆ ಅದು.

ದುಂಬಿ ಹೂವಿಗೆ ಜೋತುಬಿದ್ದು ಕೇಸರಗಳನ್ನು ತಬ್ಬಿಕೊಂಡಿತು. ರೆಕ್ಕೆ ಮಡಚಿಯೇ ಇತ್ತು, ಆದರೂ ಗುಂಯ್ ಅಂತ ಸದ್ದು. ಹಾರಲು ಬಳಸುವ ಸ್ನಾಯುಗಳನ್ನೇ ಅದು ಸೆಕೆಂಡಿಗೆ ನೂರಾರು ಸಲ ಅದುರಿಸುತ್ತದೆ. ಪುಡಿ ಹೊಟ್ಟೆಯ ರೋಮಕ್ಕೆ ಸುರಿಯುತ್ತದೆ. ಶಲಾಕೆಯ ಅಂಟು ತುದಿ ತಾಗುವುದೂ ಅದೇ ಹೊಟ್ಟೆಗೆ. ಆ ತುದಿಯಲ್ಲಿ ಕೂತ ಪರಾಗ ಮೊಳೆತು, ಕೂದಲಿಗಿಂತ ಸಣ್ಣ ನಾಳವೊಂದನ್ನು ಶಲಾಕೆಯ ಬುಡದ ಅಂಡಾಶಯದವರೆಗೆ ಇಳಿಬಿಡುತ್ತದೆ. ಆಮೇಲೆ ಅಂಡಾಶಯವೇ ಗುಳ್ಳ.

ಬಣ್ಣ ಮುಗಿಯಿತು, ಪರಾಂಚಿ ಬಿಚ್ಚಿಕೊಂಡು ಹೋದರು. ದುಂಬಿಯೂ ಇಲ್ಲ. ಈಗ ನಾನೇ ಬೆಳಗ್ಗೆ ಬ್ಯಾಟರಿ ಟೂತ್‌ಬ್ರಷ್ಷನ್ನು ಹೂವಿನ ತೊಟ್ಟಿಗೆ ತಾಗಿಸಿ ಗುಂಯ್‌ಗುಡಿಸುತ್ತೇನೆ. ಮೂರು ಕಾಯಿ ನಿಂತಿವೆ. "ಅದರಲ್ಲೇ ಹಲ್ಲುಜ್ಜಬೇಡ ಮಾರಾಯ" ಅಂತಾರೆ ಅಮ್ಮ.