ಹೊಸ ಎಸ್ಪಿ ಬಂದರೆ ಪಿಸಿಗೇನು?

ಪ್ರಶ್ನೆ: ನನ್ನ ತಮ್ಮ ಬಂಗಾರಪೇಟೆ ಕಡೆ ಪೊಲೀಸ್ ಕಾನ್‌ಸ್ಟೇಬಲ್, ಅಂದರೆ ಪಿಸಿ. ಎಸ್ಪಿ ಬದಲಾಗುತ್ತಾರೆ ಅಂದರೆ ಸಾಕು, ವಾರವಿಡೀ ಅದೇ ಮಾತು. ಅಷ್ಟು ಮೇಲಿನವರು ಬದಲಾದರೆ ಕೆಳಗಿನ ಪಿಸಿಗೆ ನಿಜಕ್ಕೂ ಏನಾಗುತ್ತದೆ?

ಉತ್ತರ: ಯಾವ ಎಸ್ಪಿ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಕೋಲಾರ ಜಿಲ್ಲೆಗೆ ಜಿಲ್ಲಾಧಿಕಾರಿ ಒಬ್ಬರೇ, ಎಸ್ಪಿ ಇಬ್ಬರು. ಚಿನ್ನದ ಗಣಿಯ ಕಾಲದಿಂದಲೂ ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ, ಬಂಗಾರಪೇಟೆ ಬರುವುದು ಅದರಲ್ಲಿ. ಕೋಲಾರದ ಎಸ್ಪಿ ಬದಲಾದರೆ ಮುಳಬಾಗಿಲಿನ ಪಿಸಿಗೆ ಎದೆ ಡವಡವ. ನಿಮ್ಮ ತಮ್ಮನಿಗೆ ಅದು ಪಕ್ಕದ ಬೀದಿ ಮದುವೆ.

ಅವರವರ ಎಸ್ಪಿಯೇ ಬದಲಾದರೆ ಮಾತು ಬೇರೆ. ಪಿಸಿ, ಹೆಡ್ ಕಾನ್‌ಸ್ಟೇಬಲ್‌ಗಳ ನೇಮಕಾತಿ ಆದೇಶಕ್ಕೆ ಸಹಿ ಎಸ್ಪಿಯದು. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ ಎನ್ನುತ್ತದೆ ಸಂವಿಧಾನದ 311ನೇ ವಿಧಿ. ಹಾಗಾಗಿ ಅಮಾನತು, ಇಲಾಖಾ ವಿಚಾರಣೆ, ಇನ್‌ಕ್ರಿಮೆಂಟ್ ತಡೆ, ಜಿಲ್ಲೆಯೊಳಗಿನ ವರ್ಗಾವಣೆ ಎಲ್ಲವೂ ಬಂದು ನಿಲ್ಲುವುದು ಆ ಒಂದೇ ಮೇಜಿನ ಮೇಲೆ. ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್) ಎತ್ತಂಗಡಿಗೆ ಹಲವು ಜಿಲ್ಲೆಗಳ ವಲಯ ನೋಡುವ ಐಜಿಪಿ ಬೇಕು. ಪಿಸಿಯದಕ್ಕೆ ಎಸ್ಪಿಯೇ ಸಾಕು.

ಹೊಸಬರು ಬಂದ ವಾರದಲ್ಲಿ ಮೊದಲು ನಡುಗುವುದು ಓಓಡಿ (ಅನ್ಯ ಕರ್ತವ್ಯ) ಮೇಲಿರುವವರು. ಹೆಸರು ಒಂದು ಠಾಣೆಯಲ್ಲಿ, ಕೆಲಸ ಇನ್ನೆಲ್ಲೋ ಕಚೇರಿಯಲ್ಲಿ, ಅಂಥವರು. 'ಓಓಡಿ ರದ್ದು, ಮೂಲ ಠಾಣೆಗೆ ವರದಿ ಮಾಡಿಕೊಳ್ಳಿ' ಅಂತ ಒಂದು ಮೆಮೋ ಬಂದರೆ ಮುಗಿಯಿತು. ಠಾಣೆಯಲ್ಲಿ ಉಳಿದವರಿಗೆ ಒಳಗೊಳಗೇ ಖುಷಿ, ರಾತ್ರಿ ಬೀಟ್‌ಗೆ ಎರಡು ಕೈ ಹೆಚ್ಚಾಗುತ್ತವಲ್ಲ!

ಆದರೆ ಪಿಸಿ ಸಾಹೇಬರನ್ನು ಅಳೆಯುವುದು ರಜೆಯಲ್ಲಿ. ಶಿವರಾತ್ರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ಬಂದೋಬಸ್ತ್, ಆಮೇಲೆ ಜಾತ್ರೆ, ಗಣೇಶ ವಿಸರ್ಜನೆ, ಚುನಾವಣೆ. ನಡುವೆ ಮಗುವಿಗೆ ಜ್ವರ ಅಂದರೆ ಒಂದು ದಿನ ಸಿಗುತ್ತದೋ ಇಲ್ಲವೋ? 'ವಾರದ ರಜೆ ಕೊಡಿ' ಎಂದು ಎಸ್ಪಿ ವೈರ್‌ಲೆಸ್‌ನಲ್ಲಿ ಹೇಳುವುದು ಸುಲಭ. ಅದನ್ನು ಕೊಡಬೇಕಾದವರು ಇನ್‌ಸ್ಪೆಕ್ಟರ್, ಡ್ಯೂಟಿ ಪಟ್ಟಿ ಬರೆಯುವವರು ಸ್ಟೇಷನ್ ರೈಟರ್. ಪಟ್ಟಿಯನ್ನು ತರಿಸಿ ನೋಡುವ ಎಸ್ಪಿಯಾದರೆ ಮಾತ್ರ ಆದೇಶ ಪಿಸಿಯ ಮನೆ ಬಾಗಿಲು ಮುಟ್ಟುತ್ತದೆ. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಸಂಬಳದ ಜೊತೆಗೆ ಕೇಳಿಬಂದ ದೂರುಗಳೂ ಇವೇ: ರಜೆ ಇಲ್ಲ, ಮೇಲಿನವರ ಕಿರುಕುಳ.

ಸಂಬಳ, ಬಡ್ತಿ ನಿಯಮ, ಖಾಲಿ ಹುದ್ದೆ ಭರ್ತಿ ಎಸ್ಪಿ ಕೈಯಲ್ಲಿಲ್ಲ. 2025ರಲ್ಲಿ ಪಿಸಿಗಳ ತಲೆಯ ಮೇಲಿನ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂದದ್ದೂ ಸರ್ಕಾರದಿಂದಲೇ.

ಇನ್ನು ಎಸ್ಪಿ ಎಷ್ಟು ದಿನ ಇರುತ್ತಾರೆ? ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲಾ ಎಸ್ಪಿಗೆ, ಠಾಣಾಧಿಕಾರಿಗೆ ಕನಿಷ್ಠ 2 ವರ್ಷ ಅಂದಿತ್ತು. ಅದಕ್ಕೆ ಮೊದಲೇ ಗಂಟುಮೂಟೆ ಕಟ್ಟಿದವರನ್ನು ಸಿಬ್ಬಂದಿ ಬೇಕಾದಷ್ಟು ಕಂಡಿದ್ದಾರೆ. ಅದಕ್ಕೇ ಹೊಸ ಸಾಹೇಬರ ಮೊದಲ ಕ್ರೈಂ ಮೀಟಿಂಗ್ ಮುಗಿಸಿ ಬಂದ ಹಳೇ ರೈಟರ್ ಒಬ್ಬರು ಟೀ ಹೀರುತ್ತಾ, 'ಇವ್ರೂ ಬಿಗಿ ಅವ್ರೆ ಕಣಪ್ಪ, ನೋಡೋಣ ದೀಪಾವಳಿ ಗಂಟ' ಅಂದರೆ ನಿಮ್ಮ ತಮ್ಮ ನಗುತ್ತಾನೆ.