ಆರು ವ್ಯಾಟ್ ಎಂದು ಬರೆದ ಮಾತ್ರಕ್ಕೆ

ಟಿವಿ ಪಕ್ಕದಲ್ಲಿಡಲು ಒಂದು ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಪ್ರೊಸೆಸರ್ ಎಷ್ಟು ವ್ಯಾಟ್ ಎಂದು. ಅದು ನ್ಯಾಯವಾದ ಪ್ರಶ್ನೆಯೇ. ಈ ಯಂತ್ರ ದಿನವಿಡೀ ಆನ್ ಆಗಿರುತ್ತದೆ, ಸದ್ದು ಮಾಡಬಾರದು, ಮುಚ್ಚಿದ ಕಪಾಟಿನೊಳಗೂ ಕಾಯಬಾರದು. ಆದರೆ ಆ ವ್ಯಾಟ್ ಸಂಖ್ಯೆಯನ್ನು ನಾನು ನೋಡುವುದು ಕೊನೆಗೆ. ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ, ಅದನ್ನು ಮತ್ತೆ ಚಿತ್ರವಾಗಿ ಬಿಡಿಸುವುದು ಡಿಕೋಡರ್. ಚಿಪ್‌ನೊಳಗಿನ ವಿಡಿಯೊ ಡಿಕೋಡರ್‌ಗೆ ಯಾವ ಕೋಡೆಕ್‌ಗಳು ಗೊತ್ತು ಎಂಬುದು ನನ್ನ ಮೊದಲ ಪ್ರಶ್ನೆ.

ಯಾಕೆಂದರೆ ಸಿನಿಮಾ ಓಡುವಾಗ ಪ್ರೊಸೆಸರ್‌ನ ಕೋರ್‌ಗಳಿಗೆ, ಅಂದರೆ ಲೆಕ್ಕ ಮಾಡುವ ಘಟಕಗಳಿಗೆ, ಇರುವ ಕೆಲಸ ತೀರಾ ಕಡಿಮೆ. ಫೈಲ್ ಓದುತ್ತವೆ, ಧ್ವನಿ ಮತ್ತು ಚಿತ್ರವನ್ನು ಬೇರ್ಪಡಿಸುತ್ತವೆ, ಚಿತ್ರದ ಭಾಗವನ್ನು ಗ್ರಾಫಿಕ್ಸ್ ಜೊತೆಗಿರುವ ಡಿಕೋಡರ್ ಎಂಬ ಒಂದು ಪುಟ್ಟ ಸರ್ಕ್ಯೂಟ್‌ಗೆ ಒಪ್ಪಿಸಿ ಸುಮ್ಮನಾಗುತ್ತವೆ. ಆ ಸರ್ಕ್ಯೂಟ್‌ಗೆ ಗೊತ್ತಿರುವುದು ಕೆಲವೇ ಕೋಡೆಕ್‌ಗಳು. ಗೊತ್ತಿರುವುದನ್ನು ಮಾತ್ರ ಬಹಳ ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತದೆ. ಗೊತ್ತಿಲ್ಲದ ಕೋಡೆಕ್ ಎದುರಾದರೆ ಇಡೀ ಹೊರೆ ಕೋರ್‌ಗಳ ಹೆಗಲಿಗೆ ಬೀಳುತ್ತದೆ. ಆಗ ಫ್ಯಾನ್ ಕೂಗತೊಡಗುತ್ತದೆ, 4ಕೆ ಚಿತ್ರ ತಡವರಿಸುತ್ತದೆ. ಕಡಿಮೆ ವ್ಯಾಟ್ ಎಂದು ಆರಿಸಿದ ಚಿಪ್‌ಗೇ ಈ ಸಂಕಟ ಹೆಚ್ಚು, ಅದರ ಕೋರ್‌ಗಳಲ್ಲಿ ಅಷ್ಟು ಕಸುವಿರುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ 2008ರ ಇಂಟೆಲ್ ಆಟಮ್ 230. ಅದರ ಟಿಡಿಪಿ, ಅಂದರೆ ತಯಾರಕರು ಚಿಪ್‌ಗೆ ಬರೆಯುವ ವ್ಯಾಟ್ ಅಂಕಿ, ಬರೀ 4. ಆದರೆ ಅದರ ಜೊತೆಗೆ ಬರುತ್ತಿದ್ದ 945 ಸರಣಿಯ ಚಿಪ್‌ಸೆಟ್ (ಗ್ರಾಫಿಕ್ಸ್ ಇದ್ದ ಜೊತೆ ಚಿಪ್) ಪ್ರೊಸೆಸರ್‌ಗಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ ಕುಡಿಯುತ್ತಿತ್ತು, ಎಚ್.264 ಎಂಬ ಕೋಡೆಕ್ ಡಿಕೋಡ್ ಮಾಡಲು ಅದಕ್ಕೆ ಬರುತ್ತಲೂ ಇರಲಿಲ್ಲ. ಹೈ ಡೆಫಿನಿಷನ್ ಸಿನಿಮಾ ಹಾಕಿದರೆ ಯಂತ್ರ ಕೈಚೆಲ್ಲುತ್ತಿತ್ತು. ಮರುವರ್ಷ ಅದೇ ಆಟಮ್ ಜೊತೆಗೆ ಎನ್‌ವಿಡಿಯಾದ ಅಯಾನ್ ಗ್ರಾಫಿಕ್ಸ್ ಸೇರಿದಾಗ 1080ಪಿ ಸಲೀಸಾಗಿ ಓಡಿತು. ಕೋರ್‌ಗಳು ಬದಲಾಗಿರಲಿಲ್ಲ, ಡಿಕೋಡರ್ ಬಂದಿತ್ತು. 2011ರ ಆರಂಭದಲ್ಲಿ ಬಂದ ಎಎಂಡಿ ಇ-350ರ ಟಿಡಿಪಿ 18 ವ್ಯಾಟ್. ಕಾಗದದ ಮೇಲೆ ಆಟಮ್‌ನ ನಾಲ್ಕು ಪಟ್ಟಿಗೂ ಹೆಚ್ಚು. ಆದರೂ ಡಿಕೋಡರ್ ಅದೇ ಚಿಪ್‌ನಲ್ಲಿದ್ದ ಕಾರಣ ಟಿವಿ ಪಕ್ಕಕ್ಕೆ ಹೊಂದಿದ್ದು ಅದೇ.

ಇವತ್ತಿಗೂ ಲೆಕ್ಕ ಬದಲಾಗಿಲ್ಲ, ಕೋಡೆಕ್‌ಗಳ ಹೆಸರು ಬದಲಾಗಿವೆ ಅಷ್ಟೆ. ಎಚ್.264 ಬಹುತೇಕ ಎಲ್ಲ ಚಿಪ್‌ಗೂ ಬರುತ್ತದೆ, ಅದನ್ನು ಕೇಳಬೇಕಿಲ್ಲ. 4ಕೆ ಎಚ್‌ಡಿಆರ್ (ಬೆಳಕು ಮತ್ತು ಬಣ್ಣದ ವ್ಯಾಪ್ತಿ ಹೆಚ್ಚಿರುವ) ಸಿನಿಮಾಗಳು ಹೆಚ್ಚಾಗಿ ಎಚ್‌ಇವಿಸಿ ಎಂಬ ಕೋಡೆಕ್‌ನ 10 ಬಿಟ್ ರೂಪದಲ್ಲಿರುತ್ತವೆ, ಬಿಟ್ ಹೆಚ್ಚಿದಷ್ಟೂ ಬಣ್ಣದ ಮಟ್ಟಗಳು ಹೆಚ್ಚು. ಇಂಟೆಲ್‌ನಲ್ಲಿ ಅದನ್ನು ಪೂರ್ತಿಯಾಗಿ ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಶಕ್ತಿ ಬಂದದ್ದು 2016ರ ಏಳನೇ ಪೀಳಿಗೆಯಿಂದ. ಆರನೇ ಪೀಳಿಗೆಗೆ 8 ಬಿಟ್ ಮಾತ್ರ ಸಲೀಸು. ಹಳೆಯ ಕಚೇರಿ ಕಂಪ್ಯೂಟರ್ ಕೊಳ್ಳುವವರು ಈ ಒಂದು ಪೀಳಿಗೆಯ ವ್ಯತ್ಯಾಸವನ್ನು ಕಡೆಗಣಿಸಬಾರದು. 2017ರ ಕೊನೆಗೆ ಬಂದ 10 ವ್ಯಾಟಿನ ಜೆ4105, ಜೆ5005 ಚಿಪ್‌ಗಳಿಗೂ 10 ಬಿಟ್ ಎಚ್‌ಇವಿಸಿ ಬರುತ್ತದೆ. ಬಾರದೇ ಇರುವುದು ಎವಿ1 ಎಂಬ ಹೊಸ ಕೋಡೆಕ್. ಅದು ಇಂಟೆಲ್‌ನಲ್ಲಿ 2020ರ ಟೈಗರ್ ಲೇಕ್‌ನಿಂದ, ಎಎಂಡಿಯ ಗ್ರಾಫಿಕ್ಸ್ ಸಹಿತ ಪ್ರೊಸೆಸರ್‌ಗಳಲ್ಲಿ 2022ರ ರೈಜನ್ 6000 ಸರಣಿಯಿಂದ ಸಿಗುತ್ತದೆ. 2023ರ ಇಂಟೆಲ್ ಎನ್100ರಲ್ಲಿ ಈ ಎಲ್ಲವೂ ಇವೆ. ಹಾಗಾಗಿ ಎವಿ1 ಫೈಲ್ ನೋಡುವಾಗ ಆರು ಕೋರ್‌ಗಳ ರೈಜನ್ 5600ಜಿ ಬೆವರುತ್ತದೆ, ಅದಕ್ಕಿಂತ ಎಷ್ಟೋ ದುರ್ಬಲವಾದ ನಾಲ್ಕು ಕೋರ್‌ಗಳ ಎನ್100 ತಣ್ಣಗೆ ಕುಳಿತಿರುತ್ತದೆ. ಡೇವಿಡ್ (dav1d) ಎಂಬ ಸಾಫ್ಟ್‌ವೇರ್ ಡಿಕೋಡರ್ ಬಹಳ ಚುರುಕಾದದ್ದು, ಬಲವಾದ ಕೋರ್‌ಗಳಿದ್ದರೆ ಅದು ಕೆಲಸ ಸಾಗಿಸುತ್ತದೆ ನಿಜ. ಆದರೆ ಬಿಸಿ ಮತ್ತು ಸದ್ದಿನ ರೂಪದಲ್ಲಿ ಬೆಲೆ ತೆರಬೇಕು, ಈ ಯಂತ್ರದಲ್ಲಿ ನಮಗೆ ಬೇಡವಾದದ್ದೇ ಅವೆರಡು.

ಈಗ ವ್ಯಾಟಿಗೆ ಬರೋಣ. ಟಿಡಿಪಿ ಎಂದರೆ ಗೋಡೆಯ ಸಾಕೆಟ್‌ನಿಂದ ಎಳೆಯುವ ವಿದ್ಯುತ್ ಅಲ್ಲ. ಚಿಪ್ ದೀರ್ಘಕಾಲ ದುಡಿಯುವಾಗ ಹೀಟ್ ಸಿಂಕ್ ಎಷ್ಟು ಶಾಖವನ್ನು ಹೊರಹಾಕಬೇಕು ಎಂಬ ವಿನ್ಯಾಸದ ಸೂಚನೆ ಅದು. ಎನ್100ರ ಟಿಡಿಪಿ 6 ವ್ಯಾಟ್ ಎಂದಿದ್ದರೂ ಅನೇಕ ತಯಾರಕರು ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟಿಂಗ್‌ಗಳಲ್ಲಿ) ಆ ಮಿತಿಯನ್ನು ಏರಿಸಿಯೇ ಕಳಿಸುತ್ತಾರೆ. ಇನ್ನು ಇಂಟೆಲ್‌ನ ‘ಟಿ’, ಎಎಂಡಿಯ ‘ಜಿಇ’ ಎಂಬ ಬಾಲವಿರುವ 35 ವ್ಯಾಟಿನ ಚಿಪ್‌ಗಳು. ಅವುಗಳನ್ನು ಹುಡುಕಿಕೊಂಡು ಅಲೆಯುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. 65 ವ್ಯಾಟಿನ ಅಣ್ಣನಿಗೂ ಈ ತಮ್ಮನಿಗೂ ಇರುವುದು ಹೆಚ್ಚುಕಡಿಮೆ ಒಂದೇ ಸಿಲಿಕಾನ್, ಮೇಲ್ಮಿತಿ ಮಾತ್ರ ಬೇರೆ. ಸುಮ್ಮನಿದ್ದಾಗಲೂ ಸಿನಿಮಾ ಓಡುವಾಗಲೂ ಎರಡೂ ಎಳೆಯುವ ವಿದ್ಯುತ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಬೋರ್ಡ್ ಅವಕಾಶ ಕೊಟ್ಟರೆ ಆ ಮಿತಿಯನ್ನು ಬಯಾಸ್‌ನಲ್ಲಿ ನಾವೇ ಇಳಿಸಿಕೊಳ್ಳಬಹುದು.

ಗಮನ ಕೊಡಬೇಕಾದದ್ದು ಯಂತ್ರ ಸುಮ್ಮನಿರುವಾಗ ಎಳೆಯುವ ವಿದ್ಯುತ್ತಿಗೆ. ದಿನಕ್ಕೆ ನಾಲ್ಕು ಗಂಟೆ ಸಿನಿಮಾ ನೋಡಿದರೂ ಉಳಿದ ಇಪ್ಪತ್ತು ಗಂಟೆ ಅದು ಸುಮ್ಮನೇ ಕೂತಿರುತ್ತದೆ. ವರ್ಷಕ್ಕೆ 8760 ಗಂಟೆ. ಹತ್ತು ವ್ಯಾಟ್ ಉಳಿಸಿದರೆ 87.6 ಯೂನಿಟ್ ಉಳಿಯಿತು. ಆ ಹತ್ತು ವ್ಯಾಟ್ ಸೋರುವುದು ಬಹುತೇಕ ಪ್ರೊಸೆಸರ್‌ನ ಹೊರಗೆ. 500 ವ್ಯಾಟಿನ ಪವರ್ ಸಪ್ಲೈ ಕೊಂಡವರು ದಕ್ಷತೆಯ 80 ಪ್ಲಸ್ ಮುದ್ರೆ ನೋಡಿ ನೆಮ್ಮದಿಪಡುತ್ತಾರೆ. ಟೈಟೇನಿಯಂನಂಥ ಅತಿ ಮೇಲಿನ ದರ್ಜೆಯನ್ನು ಬಿಟ್ಟರೆ ಆ ಪರೀಕ್ಷೆ ಶುರುವಾಗುವುದೇ 20 ಶೇಕಡಾ ಹೊರೆಯಿಂದ, ಅಂದರೆ 100 ವ್ಯಾಟಿನಿಂದ. ನಮ್ಮ ಯಂತ್ರ ಸುಮ್ಮನಿರುವುದು ಹತ್ತು ಹದಿನೈದು ವ್ಯಾಟಿನ ಆಸುಪಾಸಿನಲ್ಲಿ. ಅಲ್ಲಿ ಆ ಸಪ್ಲೈ ಎಷ್ಟು ಪೋಲು ಮಾಡುತ್ತದೆ ಎಂದು ಮುದ್ರೆ ಏನನ್ನೂ ಹೇಳುವುದಿಲ್ಲ. ಲ್ಯಾಪ್‌ಟಾಪ್ ಬಗೆಯ ಅಡಾಪ್ಟರ್‌ನಿಂದ ನಡೆಯುವ ಬೋರ್ಡ್ ಇಲ್ಲಿ ಮೇಲು. ತಿರುಗುವ 3.5 ಇಂಚಿನ ಹಾರ್ಡ್‌ಡಿಸ್ಕ್ ಒಂದೊಂದೂ ಕೆಲವು ವ್ಯಾಟ್ ತಿನ್ನುತ್ತದೆ, ಸದ್ದೂ ಮಾಡುತ್ತದೆ. ಅವುಗಳನ್ನು ಬೇರೆ ಕೋಣೆಯ ಸರ್ವರ್‌ನಲ್ಲಿಡಿ. ಇನ್ನೊಂದು ಕಳ್ಳ, ನಿದ್ದೆಗೆ ಜಾರಲು ಒಪ್ಪದ ಯಾವುದೋ ಒಂದು ಕಾರ್ಡ್. ಅದು ಎಚ್ಚರವಾಗಿದ್ದರೆ ಇಡೀ ಪ್ರೊಸೆಸರ್ ಆಳವಾದ ನಿದ್ರಾವಸ್ಥೆಗೆ ಇಳಿಯಲಾರದು. ಲಿನಕ್ಸ್‌ನಲ್ಲಿ ಪವರ್‌ಟಾಪ್ ಎಂಬ ತಂತ್ರಾಂಶ ಓಡಿಸಿದರೆ ಪ್ರೊಸೆಸರ್ ಎಷ್ಟು ಆಳಕ್ಕೆ ಇಳಿಯುತ್ತಿದೆ ಎಂದು ಕಾಣುತ್ತದೆ.

ಚಿಪ್ ಬಲ್ಲದ್ದನ್ನೆಲ್ಲ ಬೋರ್ಡ್ ಹೊರಗೆ ಬಿಡಬೇಕಲ್ಲ. ಎಚ್‌ಡಿಎಂಐ 1.4 ಪೋರ್ಟ್ ಇದ್ದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮ್‌ಗೆ ನಿಲ್ಲುತ್ತದೆ, 60 ಬೇಕಾದರೆ 2.0 ಬೇಕು. ಫ್ರೇಮ್‌ಗಳ ವಿಷಯ ಬಂದದ್ದಕ್ಕೆ ಹೇಳುತ್ತೇನೆ: ಸಿನಿಮಾ ಡಿಸ್ಕ್‌ಗಳ ವೇಗ ಸಾಮಾನ್ಯವಾಗಿ 24 ಅಲ್ಲ, 23.976. 2011ರ ಸ್ಯಾಂಡಿ ಬ್ರಿಜ್ ಗ್ರಾಫಿಕ್ಸ್ ಈ ವೇಗವನ್ನು ನಿಖರವಾಗಿ ಕೊಡದೆ 24ರ ಹತ್ತಿರ ಹೋಗುತ್ತಿತ್ತು, ಅದರಿಂದ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಮರುಕಳಿಸಿ ಚಿತ್ರ ಮುಗ್ಗರಿಸುತ್ತಿತ್ತು. ಇಂದಿನ ಚಿಪ್‌ಗಳಲ್ಲಿ ಆ ತೊಂದರೆ ಇಲ್ಲ. ಆದರೂ ಪ್ಲೇಯರ್‌ನಲ್ಲಿ ರಿಫ್ರೆಶ್ ದರ ಹೊಂದಿಸುವ ಆಯ್ಕೆಯನ್ನು ಆನ್ ಮಾಡದೆ ಬಿಟ್ಟರೆ 60ರಲ್ಲೇ ಓಡಿ ಚಲನೆ ಅಸಮವಾಗುತ್ತದೆ.

ಮೆಮೊರಿಯ ಬಗ್ಗೆ ಸಣ್ಣ ಲೆಕ್ಕ. 10 ಬಿಟ್ 4ಕೆ ಫ್ರೇಮ್ ಒಂದು ಮೆಮೊರಿಯಲ್ಲಿ ಸುಮಾರು 25 ಮೆಗಾಬೈಟ್, ಸೆಕೆಂಡಿಗೆ 60 ಎಂದರೆ ಒಂದೂವರೆ ಗಿಗಾಬೈಟ್. ಅದನ್ನು ಬರೆಯಬೇಕು, ಓದಬೇಕು, ಬಣ್ಣ ಪರಿವರ್ತಿಸಿ ಮತ್ತೆ ಬರೆಯಬೇಕು. ಎನ್100ಕ್ಕಿರುವುದು ಒಂದೇ ಮೆಮೊರಿ ಚಾನೆಲ್, ಅಂದರೆ ಮೆಮೊರಿಗೆ ಹೋಗಿಬರುವ ದಾರಿ. ಎಚ್‌ಡಿಆರ್ ಅನ್ನು ಇದ್ದಂತೆಯೇ ಟಿವಿಗೆ ಕಳಿಸಲು ಇದು ಸಾಕು. ಎಚ್‌ಡಿಆರ್ ಇಲ್ಲದ ಪ್ರೊಜೆಕ್ಟರ್‌ಗಾಗಿ ಮ್ಯಾಡ್‌ವಿಆರ್‌ನಂಥ ವಿಡಿಯೊ ತಂತ್ರಾಂಶದಲ್ಲಿ ಉತ್ತಮ ದರ್ಜೆಯ ಟೋನ್ ಮ್ಯಾಪಿಂಗ್ (ಎಚ್‌ಡಿಆರ್ ಬೆಳಕನ್ನು ಸಾಮಾನ್ಯ ಪರದೆಗೆ ಹೊಂದಿಸುವುದು) ಮಾಡಬೇಕೆಂದರೆ ಸಾಲದು. ಅಂಥವರು ಕಡಿಮೆ ವ್ಯಾಟಿನ ಆಸೆ ಬಿಟ್ಟು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಳ್ಳುವುದೇ ಸರಿ. ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಧ್ವನಿಯನ್ನು ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ಗೆ ಹಾಗೇ ದಾಟಿಸಿದರೆ ಪ್ರೊಸೆಸರ್‌ಗೆ ಯಾವ ಹೊರೆಯೂ ಇಲ್ಲ.

ಯಾವ ಪ್ರೊಸೆಸರ್ ಕೊಂಡರೂ ಬಗೆಹರಿಯದ ಕೆಲವು ವಿಷಯಗಳೂ ಇವೆ. ಸ್ಟ್ರೀಮಿಂಗ್ ಸೇವೆಗಳು ಬ್ರೌಸರ್‌ಗೆ 4ಕೆ ಕೊಡುತ್ತವೋ ಇಲ್ಲವೋ ಎಂಬುದು ಅವರ ನಕಲು ತಡೆಯ ನಿಯಮಕ್ಕೆ ಬಿಟ್ಟದ್ದು. 4ಕೆ ಬ್ಲೂ-ರೇ ಡಿಸ್ಕ್‌ಗಳನ್ನು ಅಧಿಕೃತ ಸಾಫ್ಟ್‌ವೇರ್‌ನಲ್ಲಿ ನೋಡಲು ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ಭದ್ರತಾ ವ್ಯವಸ್ಥೆ ಬೇಕಿತ್ತು, ಹನ್ನೊಂದನೇ ಪೀಳಿಗೆಯಿಂದ ಕೋರ್ ಪ್ರೊಸೆಸರ್‌ಗಳಲ್ಲಿ ಅದನ್ನೇ ಕೈಬಿಟ್ಟರು.

ಜೋಡಿಸಿದ ಮೇಲೆ ನಂಬಿಕೆಯ ಮೇಲೆ ಬಿಡಬೇಡಿ. ನೀವು ನಿಜವಾಗಿ ನೋಡುವ ಫೈಲ್‌ಗಳಲ್ಲಿ ಅತಿ ಭಾರದ್ದನ್ನು ಹಾಕಿ, ಪ್ಲೇಯರ್‌ನ ಮಾಹಿತಿ ಪರದೆ ತೆರೆದು ಹಾರ್ಡ್‌ವೇರ್ ಡಿಕೋಡಿಂಗ್ ನಡೆಯುತ್ತಿದೆಯೇ, ಫ್ರೇಮ್‌ಗಳು ಬಿಟ್ಟುಹೋಗುತ್ತಿವೆಯೇ ನೋಡಿ. ಸಬ್‌ಟೈಟಲ್ ಆನ್ ಮಾಡಿಯೂ ನೋಡಿ, ಚಲಿಸುವ ಅಲಂಕಾರದ ಸಬ್‌ಟೈಟಲ್‌ಗಳನ್ನು ಮೂಡಿಸುವುದು ಕೋರ್‌ಗಳೇ. ಕಪಾಟಿನ ಬಾಗಿಲು ಮುಚ್ಚಿ ಒಂದು ಗಂಟೆ ಓಡಿಸಿ ತಾಪಮಾನ ಗಮನಿಸಿ. ಆಮೇಲೆ ಸಿನಿಮಾ ನಿಲ್ಲಿಸಿ, ಯಂತ್ರ ಸುಮ್ಮನಾದ ಮೇಲೆ ಗೋಡೆಯ ಸಾಕೆಟ್‌ಗೆ ವ್ಯಾಟ್ ಮೀಟರ್ ಹಚ್ಚಿ ಓದಿ. ವಿದ್ಯುತ್ ಬಿಲ್ಲಿಗೆ ಲೆಕ್ಕ ಹಾಕಬೇಕಾದದ್ದು ಆ ಅಂಕಿಯನ್ನು.