ಅಂತೆಕಂತೆಗಳ ಅಖಾಡ

ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಈ ವಾದ ನೆನಪಿರುತ್ತದೆ. ಅಕ್ಷಯ್ ಕುಮಾರ್ ಅಮೆರಿಕದ ಟಿವಿ ಕುಸ್ತಿಯ ತಾರೆ ಅಂಡರ್‌ಟೇಕರ್‌ನನ್ನು ಸೋಲಿಸಿದ್ದು ನಿಜವೋ ಸುಳ್ಳೋ? ಸಿನಿಮಾದಲ್ಲಿ ಕಣ್ಣಾರೆ ನೋಡಿದ್ದೇವಲ್ಲ, ಇನ್ನೇನು ಸಾಕ್ಷಿ ಬೇಕು ಅನ್ನುತ್ತಿದ್ದರು ಕೆಲವರು. 1996ರ ಆ 'ಖಿಲಾಡಿಯೋಂ ಕಾ ಖಿಲಾಡಿ'ಯಲ್ಲಿ ಇದ್ದವನು ಅಂಡರ್‌ಟೇಕರ್ ಅಲ್ಲ, ಬ್ರಯಾನ್ ಲೀ ಎಂಬ ಇನ್ನೊಬ್ಬ ಪೈಲ್ವಾನ. ಇದೇ ಲೀ 1994ರಲ್ಲಿ ಅಮೆರಿಕದಲ್ಲೂ ನಕಲಿ ಅಂಡರ್‌ಟೇಕರ್ ಆಗಿ ರಿಂಗಿಗಿಳಿದು ಅಸಲಿಯ ಕೈಲಿ ಸೋತಿದ್ದ. ಎರಡು ದೇಶದಲ್ಲಿ ಒಂದೇ ವೇಷ, ಎರಡು ಕಡೆಯೂ ಒದೆ!

ಆ ಹುಡುಗರಿಗೆ ಈಗ ನಲವತ್ತರ ಆಸುಪಾಸು. ವಾದ ಇನ್ನೂ ನಿಂತಿಲ್ಲ, ವಿಷಯ ಮಾತ್ರ ಬದಲಾಗಿದೆ. ಯಾರ ಕಾಂಟ್ರ್ಯಾಕ್ಟ್ ಮುಗಿಯುತ್ತಿದೆಯಂತೆ, ಯಾರು ಎದುರಾಳಿ ಕುಸ್ತಿ ಕಂಪನಿಗೆ ಹಾರುತ್ತಾರಂತೆ, ಯಾರಿಗೆ ತನ್ನ ಕಥೆ ಹಿಡಿಸಿಲ್ಲವಂತೆ. ಯಾರು ಗೆದ್ದರು ಅನ್ನುವುದು ಆಮೇಲಿನ ಮಾತು.

ಮೊದಲು ಹೀಗೆ ಒಳಗಿನ ಸುದ್ದಿ ಹೊರಗೆ ಬರುತ್ತಿರಲಿಲ್ಲ. ಮೈಸೂರು ದಸರಾ ಕುಸ್ತಿಯಲ್ಲಿ ಮೊದಲೇ ಗೊತ್ತಾಗುವುದು ಜೋಡಿ ಮಾತ್ರ. ಗೆಲ್ಲೋದು ಯಾರು ಅಂತ ಮಟ್ಟಿಯ ಮೇಲೇ ತೀರ್ಮಾನವಾಗಬೇಕು. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಅದೂ ಮೊದಲೇ ನಿಗದಿ. ಈ ಗುಟ್ಟು ಕಾಯುವುದಕ್ಕೆ ಅವರಲ್ಲಿ 'ಕೇಫೇಬ್' ಅಂತ ಹೆಸರು. ಬಯಲಾಟ ಮುಗಿದ ಮೇಲೆ ಭೀಮ, ದುಶ್ಯಾಸನ ಒಂದೇ ಬೆಂಚಿನಲ್ಲಿ ಕೂತು ಟೀ ಕುಡಿದರೆ ನಮಗೇನೂ ಅನ್ನಿಸುವುದಿಲ್ಲ, ಅಲ್ವಾ? ಅಲ್ಲಿ ಆಗ ಅದು ದೊಡ್ಡ ತಪ್ಪು. 1987ರಲ್ಲಿ ರಿಂಗ್‌ನ ಬದ್ಧವೈರಿಗಳಾದ ಜಿಮ್ ಡಗ್ಗನ್ ಮತ್ತು ಐರನ್ ಶೇಕ್ ನ್ಯೂಜೆರ್ಸಿಯಲ್ಲಿ ಒಂದೇ ಕಾರಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದರು. ಕಾರಿನಲ್ಲಿ ಮಾದಕ ವಸ್ತು ಸಿಕ್ಕಿತ್ತು. ಆದರೆ ಕುಸ್ತಿ ಲೋಕಕ್ಕೆ ಅದಕ್ಕಿಂತ ದೊಡ್ಡ ಮುಜುಗರ, ಇಬ್ಬರೂ ಒಟ್ಟಿಗೆ ಇದ್ದದ್ದು. ಇಬ್ಬರ ಕೆಲಸವೂ ಹೋಯಿತು. ಆಮೇಲೆ ಇಬ್ಬರೂ ವಾಪಸ್ ಬಂದರು ಅನ್ನಿ.

ಎರಡೇ ವರ್ಷಕ್ಕೆ ಕಂಪನಿಯೇ ಗುಟ್ಟು ಬಿಟ್ಟುಕೊಟ್ಟಿತು. ಆಗ ಡಬ್ಲ್ಯುಡಬ್ಲ್ಯುಎಫ್ ಅಂತಿದ್ದ ಇಂದಿನ ಡಬ್ಲ್ಯುಡಬ್ಲ್ಯುಇ, 1989ರಲ್ಲಿ ಅದೇ ನ್ಯೂಜೆರ್ಸಿಯ ಸೆನೆಟ್ ಮುಂದೆ ಇದು ಕ್ರೀಡೆ ಅಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಕಾರಣ ಪ್ರಾಮಾಣಿಕತೆ ಅಲ್ಲ, ದುಡ್ಡು. ಕ್ರೀಡೆ ಅಂದರೆ ಸರ್ಕಾರದ ಅಥ್ಲೆಟಿಕ್ ಕಮಿಷನ್ನಿನ ನಿಯಮ, ತೆರಿಗೆ ಎಲ್ಲ ಬರುತ್ತವೆ.

ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದಲ್ಲಿ ಡೇವ್ ಮೆಲ್ಟ್ಜರ್ ಎಂಬ ಪತ್ರಕರ್ತರು ಎಂಬತ್ತರ ದಶಕದಿಂದಲೇ 'ರೆಸ್ಲಿಂಗ್ ಅಬ್ಸರ್ವರ್' ಎಂಬ ಪತ್ರಿಕೆ ಹೊರಡಿಸುತ್ತಿದ್ದರು. ಒಳಗಿನ ಸುದ್ದಿಯೆಲ್ಲ ಅಂಚೆಯಲ್ಲಿ ಚಂದಾದಾರರ ಮನೆಗೆ ಬರುತ್ತಿತ್ತು. ಕುಸ್ತಿಯವರು ಇಂಥ ಪತ್ರಿಕೆಗಳನ್ನು 'ಡರ್ಟ್ ಶೀಟ್' ಅಂತ ಬೈಯುತ್ತಿದ್ದರು, ಕದ್ದು ಓದುತ್ತಲೂ ಇದ್ದರು. ಡಬ್ಲ್ಯುಡಬ್ಲ್ಯುಎಫ್‌ನ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ಅಂತೂ ಗಾಳಿಸುದ್ದಿಗೇ ಅಂಗಡಿ ತೆರೆಯಿತು. ಟಿವಿಯಲ್ಲಿ ನಿರೂಪಕ ಜೀನ್ ಓಕರ್ಲಂಡ್ ಅರ್ಧ ಸುದ್ದಿ ಹೇಳಿ, ಉಳಿದದ್ದಕ್ಕೆ ಹಾಟ್‌ಲೈನ್‌ಗೆ ಫೋನ್ ಮಾಡಿ ಅನ್ನುತ್ತಿದ್ದ. ಆ ಫೋನಿಗೆ ದುಡ್ಡು ಕೊಡಬೇಕಿತ್ತು.

ಬಿಟ್ಟು ಹೋಗುವುದೇ ಕಥೆಯಾದದ್ದು ಈ ಎರಡು ಕಂಪನಿಗಳ ಜಗಳದಲ್ಲಿ. 1995ರ ಸೆಪ್ಟೆಂಬರ್ 4ರಂದು ಡಬ್ಲ್ಯುಸಿಡಬ್ಲ್ಯುನ 'ನೈಟ್ರೊ' ಶೋ ಶುರುವಾಯಿತು. ಮೊದಲ ಸಂಚಿಕೆಯಲ್ಲೇ ಲೆಕ್ಸ್ ಲ್ಯೂಗರ್ ನಡೆದು ಬಂದ. ಹಿಂದಿನ ರಾತ್ರಿಯಷ್ಟೇ ಅವನು ಡಬ್ಲ್ಯುಡಬ್ಲ್ಯುಎಫ್‌ಗೆ ಕುಸ್ತಿ ಆಡಿದ್ದ! ಡಿಸೆಂಬರ್‌ನಲ್ಲಿ ಮಡೂಸಾ, ತಾನು ಗೆದ್ದಿದ್ದ ಡಬ್ಲ್ಯುಡಬ್ಲ್ಯುಎಫ್ ಮಹಿಳಾ ಬೆಲ್ಟನ್ನು ತಂದು ನೈಟ್ರೊದಲ್ಲಿ ಕಸದ ಡಬ್ಬಿಗೆ ಹಾಕಿದಳು. ಆ ಕಸದ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ.

1996ರ ಮೇ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಡಬ್ಲ್ಯುಡಬ್ಲ್ಯುಎಫ್ ಬಿಟ್ಟು ಡಬ್ಲ್ಯುಸಿಡಬ್ಲ್ಯುಗೆ ಹೊರಟು ನಿಂತಿದ್ದ ಕೆವಿನ್ ನ್ಯಾಶ್ ಮತ್ತು ಸ್ಕಾಟ್ ಹಾಲ್ ತಮ್ಮ ಗೆಳೆಯರಾದ ಶಾನ್ ಮೈಕಲ್ಸ್, ಟ್ರಿಪಲ್ ಎಚ್ ಜೊತೆ ರಿಂಗ್‌ನಲ್ಲೇ ತಬ್ಬಿಕೊಂಡರು. ಒಳ್ಳೆಯವರೂ ಕೆಟ್ಟವರೂ ಒಟ್ಟಿಗೆ. ಯಾರೋ ಅಭಿಮಾನಿ ಕ್ಯಾಮರಾ ಬಚ್ಚಿಟ್ಟುಕೊಂಡು ಬಂದಿದ್ದರಿಂದ ಅದು ಉಳಿಯಿತು. ಹೋದವರಿಗೆ ಏನು ಶಿಕ್ಷೆ ಕೊಡೋದು? ಉಳಿದವರಲ್ಲಿ ಟ್ರಿಪಲ್ ಎಚ್ ಮೇಲೆ ಬಿತ್ತು. ಅವನಿಗೆ ಇಟ್ಟಿದ್ದ 'ಕಿಂಗ್ ಆಫ್ ದಿ ರಿಂಗ್' ಪಂದ್ಯಾವಳಿಯ ಗೆಲುವು ಸ್ಟೀವ್ ಆಸ್ಟಿನ್‌ಗೆ ಹೋಯಿತು. 'ಸ್ಟೋನ್ ಕೋಲ್ಡ್' ಅಂತ ಹೆಸರಾದ ಆಸ್ಟಿನ್ ಎದ್ದು ನಿಂತದ್ದೇ ಅಲ್ಲಿಂದ.

ಆಮೇಲೆ ಕೆನಡಾದ ಮಾಂಟ್ರಿಯಲ್. ಬ್ರೆಟ್ ಹಾರ್ಟ್ 1996ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಜೊತೆ 20 ವರ್ಷದ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದ್ದ. ಒಂದೇ ವರ್ಷದಲ್ಲಿ, ಅಷ್ಟು ದುಡ್ಡು ಕೊಡಲು ಆಗುವುದಿಲ್ಲ, ಬೇಕಾದರೆ ಡಬ್ಲ್ಯುಸಿಡಬ್ಲ್ಯುಗೆ ಹೋಗು ಎಂದರು ಮಾಲೀಕ ವಿನ್ಸ್ ಮೆಕ್‌ಮಹನ್. ಆದರೆ ಚಾಂಪಿಯನ್ ಬೆಲ್ಟ್ ಹಾರ್ಟ್ ಸೊಂಟದಲ್ಲಿತ್ತು. ತನ್ನದೇ ಕೆನಡಾದ ಜನರ ಮುಂದೆ ಮೈಕಲ್ಸ್‌ಗೆ ಸೋಲಲು ಅವನು ಒಪ್ಪಲಿಲ್ಲ. ಇತ್ತ ಮೆಕ್‌ಮಹನ್ ಕಣ್ಣೆದುರು ಆ ಕಸದ ಡಬ್ಬಿ ಇದ್ದಿರಲೇಬೇಕು. 1997ರ ನವೆಂಬರ್ 9ರಂದು ಹಾರ್ಟ್ ಸೋಲೊಪ್ಪದಿದ್ದರೂ ಬೆಲ್ ಹೊಡೆಸಿ, ಬೆಲ್ಟ್ ಕಿತ್ತುಕೊಂಡರು. ಹಾರ್ಟ್ ಮಾಲೀಕನ ಮುಖಕ್ಕೆ ಉಗಿದ. ಟಿವಿಯಲ್ಲಿ ನಡೆಯುವುದೆಲ್ಲ ನಾಟಕ ಅಂತ ಗೊತ್ತಿದ್ದವರೂ ಬೆಚ್ಚಿಬಿದ್ದರು. ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಹಗರಣ, ಅಷ್ಟೇ. ಆದರೆ ಜನರ ಆ ಸಿಟ್ಟನ್ನೇ ಬಳಸಿಕೊಂಡು ಮೆಕ್‌ಮಹನ್ 'ದುಷ್ಟ ಮಾಲೀಕ'ನ ಪಾತ್ರ ಕಟ್ಟಿಕೊಂಡರು. ನನ್ನ ಲೆಕ್ಕದಲ್ಲಿ ಎಲ್ಲ ಬದಲಾದದ್ದು ಇಲ್ಲಿ. ಪರದೆ ಹಿಂದಿನ ಜಗಳವನ್ನು ಮುಚ್ಚಿಡುವ ಬದಲು ಮಾರಬಹುದು ಅಂತ ಗೊತ್ತಾಯಿತು.

ಅದಾಗಿ ಒಂದು ವಾರಕ್ಕೆ ರಿಕ್ ರೂಡ್ ಒಂದೇ ರಾತ್ರಿ ಎರಡೂ ಚಾನೆಲ್‌ನಲ್ಲಿ ಕಾಣಿಸಿಕೊಂಡ. ಡಬ್ಲ್ಯುಡಬ್ಲ್ಯುಎಫ್‌ನ 'ರಾ' ಶೋ ಮೊದಲೇ ಚಿತ್ರೀಕರಿಸಿದ್ದು, ಅದರಲ್ಲಿ ಗಡ್ಡ ಇತ್ತು. ನೈಟ್ರೊ ಲೈವ್, ಅಲ್ಲಿ ಬರೀ ಮೀಸೆ!

2001ರಲ್ಲಿ ಡಬ್ಲ್ಯುಸಿಡಬ್ಲ್ಯುವನ್ನು ಮೆಕ್‌ಮಹನ್ ಕೊಂಡರು. ಹಾರಿ ಹೋಗಲು ಅಷ್ಟು ದೊಡ್ಡ ಜಾಗ ಇನ್ನೊಂದಿರಲಿಲ್ಲ. ಆದರೂ 2011ರ ಜೂನ್ 27ರಂದು ಸಿಎಂ ಪಂಕ್ ಸ್ಟೇಜ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಂಪನಿಯನ್ನು ಹೆಸರೆತ್ತಿ ಬೈದ. ಅವನ ಕಾಂಟ್ರ್ಯಾಕ್ಟ್ ನಿಜವಾಗಿಯೂ ಮುಗಿಯುತ್ತಿತ್ತು. ನಿಜ ಮತ್ತು ನಾಟಕ ಬೆರೆಸಿದ ಇಂಥದ್ದಕ್ಕೆ 'ವರ್ಕ್ಡ್ ಶೂಟ್' ಅನ್ನುತ್ತಾರೆ. ಜುಲೈ 17ಕ್ಕೆ ಶಿಕಾಗೊದಲ್ಲಿ ಜಾನ್ ಸೀನಾನನ್ನು ಸೋಲಿಸಿ, ಬೆಲ್ಟ್ ಸಮೇತ ಜನರ ನಡುವೆ ಹೊರಟೇ ಹೋದ. ಎಂಟು ದಿನಕ್ಕೆ ವಾಪಸ್! ಆತುರ ಪಟ್ಟು ಕೆಡಿಸಿದರು ಅಂತ ನನಗೆ ಈಗಲೂ ಅನ್ನಿಸುತ್ತದೆ. ನಿಜವಾಗಿ ಬಿಟ್ಟು ಹೋದದ್ದು 2014ರ ಜನವರಿಯಲ್ಲಿ, ಆಗ ಮೈಕೂ ಇಲ್ಲ, ಭಾಷಣವೂ ಇಲ್ಲ. 2019ರಲ್ಲಿ ಹುಟ್ಟಿದ ಎಇಡಬ್ಲ್ಯು ಕುಸ್ತಿ ಕಂಪನಿ 2021ರ ಆಗಸ್ಟ್‌ನಲ್ಲಿ ಅವನ ಹೆಸರನ್ನೇ ಹೇಳದೆ ಶಿಕಾಗೊದ ಯುನೈಟೆಡ್ ಸೆಂಟರ್ ಕ್ರೀಡಾಂಗಣ ತುಂಬಿಸಿತು. ಜನ ಟಿಕೆಟ್ ಕೊಂಡದ್ದು ಅವನು ಬರುತ್ತಾನಂತೆ ಎಂಬ ಬರೀ ಗಾಳಿಸುದ್ದಿಗೆ.

ಈಚಿನದು ಡಬ್ಲ್ಯುಡಬ್ಲ್ಯುಇ ಪೈಲ್ವಾನ ಆರ್-ಟ್ರೂತ್ ಕಥೆ. 2025ರ ಜೂನ್ ಮೊದಲಲ್ಲಿ ತನ್ನನ್ನು ಕಂಪನಿ ಮುಂದುವರಿಸುತ್ತಿಲ್ಲ ಅಂತ ಅವನೇ ತಿಳಿಸಿದ. ವರ್ಷಗಟ್ಟಲೆ ನಗಿಸಿದವನು, ಜನ ಸುಮ್ನೆ ಬಿಡ್ತಾರಾ? ಪ್ರತಿ ಶೋದಲ್ಲೂ ಅವನ ಹೆಸರು ಕೂಗಿದರು. ಜೂನ್ 7ರಂದು ಲಾಸ್ ಏಂಜಲೀಸ್‌ನಲ್ಲಿ ಅವನು ದಿಢೀರ್ ಬಂದು ಸೀನಾಗೆ ಹೊಡೆದ. ಇದೆಲ್ಲ ಶೋನ ಭಾಗವೇ ಅಂತ ಟ್ರಿಪಲ್ ಎಚ್ ಹೇಳಿದ. ಹೌದು, ಒಂದು ತಬ್ಬುಗೆಗೆ ಶಿಕ್ಷೆ ಉಂಡ ಅದೇ ಟ್ರಿಪಲ್ ಎಚ್, ಈಗ ಕಥೆ ಬರೆಸುವ ಕುರ್ಚಿಯಲ್ಲಿದ್ದಾನೆ. ಇದು ಶೋ ಅಲ್ಲ, ನನ್ನನ್ನು ತೆಗೆದದ್ದು ನಿಜ ಅಂತ ಟ್ರೂತ್ ತಿರುಗಿ ಹೇಳಿದ. ಅಭಿಮಾನಿಗಳು ಎರಡು ಪಂಗಡವಾಗಿ ಕಿತ್ತಾಡಿದರು. ಮುಂದಿನ ಸಂಚಿಕೆಯನ್ನು ಎರಡೂ ಪಂಗಡದವರು ತಪ್ಪದೆ ನೋಡಿದರು ಅಂತ ಬೇರೆ ಹೇಳಬೇಕಾ?